ಮೊದಲ ಜೋಳದ ರೊಟ್ಟಿ

ನೌಕರಿಗೆಂದು ವಾಡಿಗೋ ಶಹಾಬಾದಿಗೋ ಬಂದಿದ್ದೀರಿ. ಚಪಾತಿ ಲಟ್ಟಿಸಲು ಬರುತ್ತದೆ, ರೊಟ್ಟಿ ಬಡಿಯಲು ಬರುವುದಿಲ್ಲ. ಹೆದರಬೇಡಿ. ಕೈಚಳಕ ನಿಧಾನವಾಗಿ ಬರುತ್ತದೆ. ಅದಕ್ಕೂ ಮೊದಲು ನೀವು ತಿಳಿಯಬೇಕಾದದ್ದು ಬಿಸಿನೀರಿನ ಕೆಲಸ.

ಗೋದಿ ಹಿಟ್ಟಿನಲ್ಲಿ ಗ್ಲೂಟೆನ್ ಎಂಬ ಅಂಟಿನ ಅಂಶವಿದೆ. ತಣ್ಣೀರು ಹಾಕಿ ನಾದಿದರೂ ಕಣಕ ಎಳೆದಂತೆ ಹಿಗ್ಗುತ್ತದೆ. ಜೋಳದಲ್ಲಿ ಅದಿಲ್ಲ. ಆದರೆ ಜೋಳದ ಪಿಷ್ಟ, ಅಂದರೆ ಹಿಟ್ಟಿನ ಗಂಜಿಯ ಅಂಶ, ಸುಮಾರು 70 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ನೀರು ಕುಡಿದು ಉಬ್ಬಿ ಅಂಟಾಗುತ್ತದೆ. ಈ ಅಂಟಿಗೆ ಇಲ್ಲಿಯವರು ‘ಜಿಗಿ’ ಎನ್ನುತ್ತಾರೆ. ರೊಟ್ಟಿಯ ಅಂಚು ಒಡೆಯಿತೆಂದರೆ ಜಿಗಿ ಸಾಲದು ಎಂದೇ ತಿಳಿಯಿರಿ, ನಿಮ್ಮ ಕೈಯನ್ನು ಬೈದುಕೊಳ್ಳಬೇಡಿ.

ಹಿಟ್ಟು ಹಳೆಯದಾದಷ್ಟೂ ಜಿಗಿ ಕಡಿಮೆ. ಆದ್ದರಿಂದ ಹಿಂಗಾರಿ ಬಿಳಿಜೋಳ, ಸಿಕ್ಕರೆ ಮಾಲ್ದಂಡಿ ತಳಿಯದು, ಕೊಂಡು ವಾರಕ್ಕೆ ಬೇಕಾದಷ್ಟನ್ನೇ ಗಿರಣಿಯಲ್ಲಿ ನುಣ್ಣಗೆ ಬೀಸಿಸಿ. ಪ್ಯಾಕೆಟ್ ಹಿಟ್ಟಿನಿಂದ ಕಲಿಯಲು ಹೊರಡುವುದು ನನಗೆ ಸರಿ ಕಾಣುವುದಿಲ್ಲ. ಅದು ಎಂದು ಬೀಸಿದ್ದೋ!

ಎರಡು ಬಟ್ಟಲು ಹಿಟ್ಟನ್ನು ಜರಡಿ ಹಿಡಿದು ಪರಾತದಲ್ಲಿ, ಅಂದರೆ ಅಗಲ ತಟ್ಟೆಯಲ್ಲಿ, ಹಾಕಿ ನಡುವೆ ಗುಳಿ ಮಾಡಿ. ಒಂದೂವರೆ ಬಟ್ಟಲು ನೀರಿಗೆ ಚಿಟಿಕೆ ಉಪ್ಪು ಹಾಕಿ ಕುದಿಸಿ. ಇದೇ ಎಸರು. ಮುಕ್ಕಾಲು ಪಾಲನ್ನು ಗುಳಿಗೆ ಸುರಿದು ಚಮಚದಿಂದ ಕಲಸಿ, ಐದು ನಿಮಿಷ ಮುಚ್ಚಿಡಿ. ಈ ಐದು ನಿಮಿಷದಲ್ಲಿ ಹಿಟ್ಟು ಒಳಗೇ ಬೇಯುತ್ತದೆ, ಅವಸರ ಮಾಡಬೇಡಿ. ಬಳಿಕ ಒಂದು ರೊಟ್ಟಿಗೆ ಬೇಕಾದಷ್ಟನ್ನೇ ತೆಗೆದುಕೊಂಡು, ಬೇಕಾದರೆ ಉಳಿದ ಬಿಸಿನೀರು ಚಿಮುಕಿಸಿ, ಅಂಗೈಯ ಬುಡದಿಂದ ಒತ್ತಿ ನಾದಿ. ಎಲ್ಲವನ್ನೂ ಒಮ್ಮೆಲೇ ನಾದಿಟ್ಟರೆ ಕೊನೆಯ ಉಂಡೆಯ ಹೊತ್ತಿಗೆ ಜಿಗಿ ಹೋಗಿರುತ್ತದೆ. ಉಂಡೆಯನ್ನು ಬೆರಳಿನಿಂದ ಅದುಮಿ ನೋಡಿ: ಅಂಚು ಬಿರಿಯದಿದ್ದರೆ ಹದ ಬಂದಿದೆ.

ಬಡಿಯಲು ನುಣುಪಾದ ಸಮತಟ್ಟು ಜಾಗ ಬೇಕು. ಅಡುಗೆಕಟ್ಟೆಗೆ ಶಹಾಬಾದ್ ಕಲ್ಲು ಹಾಸಿದ್ದರೆ ನಿಮ್ಮ ಅದೃಷ್ಟ. ಒಣಹಿಟ್ಟು ಉದುರಿಸಿ ಉಂಡೆ ಇಡಿ. ಒಂದು ಕೈ ಅಂಚು ಕಾಯಲಿ, ಇನ್ನೊಂದು ಕೈ ಬಡಿಯಲಿ. ಪೆಟ್ಟು ಹಗುರವಾಗಿರಲಿ, ರೊಟ್ಟಿ ತಿರುಗುತ್ತಲೇ ಇರಲಿ. ತಿರುಗದೆ ನಿಂತರೆ ತಳ ಅಂಟಿದೆ. ಇನ್ನಷ್ಟು ಒಣಹಿಟ್ಟು ಹಾಕಿ. ಮೊದಮೊದಲು ಅಂಗೈಯಗಲದ್ದು ಸಾಕು.

ಹಂಚು ಚೆನ್ನಾಗಿ ಕಾದಿರಬೇಕು. ಒಣಹಿಟ್ಟು ಅಂಟಿದ ಬದಿ ಮೇಲೆ ಬರುವಂತೆ ಹಾಕಿ, ಒದ್ದೆ ಬಟ್ಟೆಯಿಂದ ಆ ಹಿಟ್ಟನ್ನು ಒರೆಸಿ. ನೀರಿನ ಪಸೆ ಆರುತ್ತಿದ್ದಂತೆ ಮಗುಚಿ. ಆ ಬದಿ ಬೆಂದ ಮೇಲೆ ಮತ್ತೊಮ್ಮೆ ಮಗುಚಿ, ಬಟ್ಟೆಯ ಉಂಡೆಯಿಂದ ಅಂಚನ್ನು ಮೆಲ್ಲಗೆ ಒತ್ತಿ. ಒಳಗಿನ ಹಬೆಗೆ ಹೊರಬರಲು ದಾರಿಯಿಲ್ಲದೆ ರೊಟ್ಟಿ ಉಬ್ಬುತ್ತದೆ. ಎಲ್ಲಾದರೂ ತೂತಿದ್ದರೆ ಉಬ್ಬುವುದಿಲ್ಲ, ರುಚಿಗೇನೂ ಕೊರತೆಯಿಲ್ಲ.

ಬಿಸಿರೊಟ್ಟಿಗೆ ಪುಂಡಿಪಲ್ಯ, ಶೇಂಗಾ ಹಿಂಡಿ ಜೊತೆಯಾಗಲಿ. ಹರಿದವನ್ನು ಎಸೆಯಬೇಡಿ. 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಕಲಬುರಗಿ ತೊಗರಿಬೇಳೆಯ ಸಾರು ಮಾಡಿ, ಅದರಲ್ಲಿ ಮುರಿದು ನೆನೆಹಾಕಿ ತಿನ್ನಿ.