ಟಿಕೆಟ್ ಒಂದೇ, ಆಕಾಂಕ್ಷಿಗಳು ಹತ್ತು: ಗುಂಪಿನಲ್ಲಿ ಗೆಲ್ಲುವ ಒಂಬತ್ತು ಸೂತ್ರಗಳು

ಚುನಾವಣೆ ಇನ್ನೂ ಆರು ತಿಂಗಳು ದೂರ ಇರುವಾಗಲೇ ಹೊಸಪೇಟೆಯ ಸರ್ಕಲ್‌ಗಳಲ್ಲಿ ಫ್ಲೆಕ್ಸ್‌ಗಳು ಏಳುತ್ತವೆ. ಮೇಲೆ ಯುಗಾದಿ ಶುಭಾಶಯ, ಕೆಳಗೆ ಸಾಲಾಗಿ ಕೈಮುಗಿದ ಮುಖಗಳು. ಒಂದೇ ಪಕ್ಷ, ಒಂದೇ ಕ್ಷೇತ್ರ, ಆಕಾಂಕ್ಷಿಗಳು ಮಾತ್ರ ಹತ್ತು ಮಂದಿ. ಬಿ-ಫಾರಂ ಸಿಗುವುದು ಒಬ್ಬರಿಗೆ. 2023ರ ವಿಧಾನಸಭಾ ಚುನಾವಣೆಗೆ ಮುನ್ನ ರಾಜ್ಯ ಕಾಂಗ್ರೆಸ್ ಅರ್ಜಿ ಕರೆದಾಗ ಸಾಮಾನ್ಯ ವರ್ಗದವರು 2 ಲಕ್ಷ, ಪರಿಶಿಷ್ಟರು 1 ಲಕ್ಷ ರೂಪಾಯಿ ಕಟ್ಟಬೇಕಿತ್ತು. ಆದರೂ 224 ಕ್ಷೇತ್ರಗಳಿಗೆ 1,300ಕ್ಕೂ ಹೆಚ್ಚು ಅರ್ಜಿ ಬಂದವು.

ಅಮೆರಿಕದಲ್ಲಿ ಇದೇ ಟಿಕೆಟ್ ಪೈಪೋಟಿ ಎಲ್ಲರ ಕಣ್ಣೆದುರು, ಮತದಾನದ ಮೂಲಕವೇ ನಡೆಯುತ್ತದೆ. ಅದಕ್ಕೆ ಪ್ರೈಮರಿ ಎನ್ನುತ್ತಾರೆ. ಅಧ್ಯಕ್ಷ ಸ್ಥಾನದ ಟಿಕೆಟ್‌ಗೆ 2016ರಲ್ಲಿ ರಿಪಬ್ಲಿಕನ್ ಪಕ್ಷದಲ್ಲೇ 17 ಪ್ರಮುಖ ಆಕಾಂಕ್ಷಿಗಳಿದ್ದರು. 2020ರಲ್ಲಿ ಡೆಮಾಕ್ರಟಿಕ್ ಪಕ್ಷದಲ್ಲಿ 25ಕ್ಕೂ ಹೆಚ್ಚು.

ನೀವು ಕೆಎಎಸ್‌ಗೆ ಓದುತ್ತಿರಬಹುದು. ತೋರಣಗಲ್ಲಿನ ಪ್ಲಾಂಟ್‌ನಲ್ಲಿ ಪ್ರಮೋಷನ್‌ಗೆ ಕಾಯುತ್ತಿರಬಹುದು. ನಿಮ್ಮದೂ ಇದೇ ಸಾಲು. ಗೆದ್ದವರು ಏನು ಮಾಡಿದರು, ಸೋತವರು ಎಲ್ಲಿ ಎಡವಿದರು, ನೋಡಿ ಕಲಿಯಿರಿ.

1. ‘ನನ್ನಿಂದ ಆಗುತ್ತಾ?’ ಎನ್ನುವುದನ್ನು ಇಂದೇ ಬಿಡಿ

ಅದು ಪ್ರಶ್ನೆಯಲ್ಲ, ಉಗುರು ಕಚ್ಚುವಂಥ ಚಟ. 1976ರ ಅಧ್ಯಕ್ಷೀಯ ಚುನಾವಣೆಗೆ ಜಾರ್ಜಿಯಾದ ಶೇಂಗಾ ಬೆಳೆಗಾರ, ಮಾಜಿ ಗವರ್ನರ್ ಜಿಮ್ಮಿ ಕಾರ್ಟರ್ ಟಿಕೆಟ್ ಪೈಪೋಟಿಗೆ ಇಳಿದಾಗ ದೇಶವೇ ‘ಯಾರೀ ಜಿಮ್ಮಿ?’ ಎಂದು ಕೇಳಿತು. ಅವರು ಉತ್ತರ ಕೊಡುತ್ತ ಕೂರಲಿಲ್ಲ. ಮೊದಲ ಸ್ಪರ್ಧೆ ನಡೆಯುತ್ತಿದ್ದ ಅಯೋವಾ ರಾಜ್ಯದಲ್ಲಿ ತಿಂಗಳುಗಟ್ಟಲೆ ಊರೂರು ತಿರುಗಿದರು, ಬೆಂಬಲಿಗರ ಮನೆಗಳಲ್ಲೇ ಮಲಗಿದರು. 1977ರ ಜನವರಿಯಲ್ಲಿ ಅಧ್ಯಕ್ಷರಾದರು. ಅನುಮಾನ ಬಂದಾಗ ಕೆಲಸದ ಗಂಟೆ ಹೆಚ್ಚಿಸಿ. ಕೈ ಖಾಲಿ ಇದ್ದಾಗಲೇ ಅನುಮಾನ ಬೆಳೆಯುವುದು.

2. ಟಿಕ್, ಅಡ್ಡಗೆರೆ, ಸೊನ್ನೆ: ನಿಮ್ಮ ಪಟ್ಟಿ ಮಾಡಿಕೊಳ್ಳಿ

ಕಮಲಾಪುರದಲ್ಲಿ ಒಮ್ಮೆ ಬೂತ್ ಏಜೆಂಟರೊಬ್ಬರ ಪಕ್ಕ ಅರ್ಧ ದಿನ ಕೂತಿದ್ದೆ. ಜಗಲಿಯ ಮೇಲೆ ಮತದಾರರ ಪಟ್ಟಿ ಹರಡಿತ್ತು, ಗಾಳಿಗೆ ಹಾರದಂತೆ ಒಂದು ಮೂಲೆಗೆ ಚಹಾದ ಲೋಟ. ಒಂದೊಂದೇ ಹೆಸರಿನ ಮುಂದೆ ಪೆನ್ನಿನಲ್ಲಿ ಗುರುತು. ನಮ್ಮವರಿಗೆ ಟಿಕ್, ಆ ಕಡೆಯವರಿಗೆ ಅಡ್ಡಗೆರೆ, ಖಾತ್ರಿ ಇಲ್ಲದವರಿಗೆ ಸೊನ್ನೆ. ‘ಇವ್ರು ಬೆಂಗ್ಳೂರಿಗೆ ದುಡಿಯಾಕ ಹೋಗ್ಯಾರ, ಬಂದ್ರ ಬಂದ್ರು’ ಎಂದು ಗೊಣಗುತ್ತ ಮುಂದಿನ ಹಾಳೆ ತಿರುವಿದರು. ಕೊನೆಗೆ ಪಟ್ಟಿ ಮಡಚಿ ಹೇಳಿದರು: ‘ಟಿಕ್ ಇದ್ದೋರ್ನ ಕಾಯ್ಬೇಕ್ರಿ. ಅಡ್ಡಗೆರಿ ಬಿಟ್ಬಿಡ್ಬೇಕು. ನಮ್ ಕೆಲ್ಸ ಇರೋದು ಈ ಸೊನ್ನಿಗಳ ಮ್ಯಾಲ.’

ಇಷ್ಟು ಒಳ್ಳೆಯ ಸ್ಟಡಿ ಪ್ಲ್ಯಾನ್ ಅನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಸಿಲಬಸ್ ಪ್ರಿಂಟ್ ತೆಗೆಯಿರಿ. ಗಟ್ಟಿಯಾಗಿ ಬರುವ ಟಾಪಿಕ್‌ಗೆ ಟಿಕ್ ಹಾಕಿ, ವಾರಕ್ಕೊಮ್ಮೆ ರಿವಿಷನ್ ಮಾಡಿ ಕಾಪಾಡಿ. ಎಷ್ಟು ತಿಣುಕಿದರೂ ಎರಡೇ ಅಂಕ ಕೊಡುವ ಟಾಪಿಕ್‌ಗೆ ಅಡ್ಡಗೆರೆ ಎಳೆಯಿರಿ. ಅರ್ಧ ಗೊತ್ತು, ಅರ್ಧ ಗೊತ್ತಿಲ್ಲ ಎನ್ನುವುದಕ್ಕೆ ಸೊನ್ನೆ. ನಿಮ್ಮ ದಿನದ ಹೆಚ್ಚಿನ ಸಮಯ ಸೊನ್ನೆಗಳಿಗೆ ಮೀಸಲು. ಏಕೆಂದರೆ ಹೊಸ ಅಂಕಗಳು ಇರುವುದು ಅಲ್ಲೇ.

ಟಿಕ್‌ಗಳನ್ನು ಕಾಯ್ದುಕೊಂಡರೆ ಏನಾಗುತ್ತದೆ? 2020ರಲ್ಲಿ ಜೋ ಬೈಡನ್ ಅಯೋವಾದಲ್ಲಿ ನಾಲ್ಕನೇ ಸ್ಥಾನ, ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಐದನೇ ಸ್ಥಾನಕ್ಕೆ ಕುಸಿದರು. ಟಿವಿಯವರು ಕಥೆ ಮುಗಿಯಿತು ಎಂದರು. ಆದರೆ ಕಪ್ಪು ವರ್ಣೀಯ ಮತದಾರರು ಹೆಚ್ಚಿರುವ ಸೌತ್ ಕ್ಯಾರೊಲಿನಾ ಅವರ ಗಟ್ಟಿ ನೆಲ. ಫೆಬ್ರವರಿ 29ರಂದು ಅಲ್ಲಿ ಗೆದ್ದರು. ಮೂರೇ ದಿನದಲ್ಲಿ, ಮಾರ್ಚ್ 3ರಂದು, ಮತದಾನ ನಡೆದ 14 ರಾಜ್ಯಗಳ ಪೈಕಿ 10 ಅವರ ಪಾಲಾದವು. ನಮ್ಮ ಸಂಡೂರು ನೋಡಿ. ಈ. ತುಕಾರಾಂ 2008, 2013, 2018, 2023, ನಾಲ್ಕು ಸಲವೂ ಅದೇ ಕ್ಷೇತ್ರದಿಂದ ಗೆದ್ದರು. 2024ರಲ್ಲಿ ಅವರು ಬಳ್ಳಾರಿ ಸಂಸದರಾದಾಗ ಉಪಚುನಾವಣೆಯಲ್ಲಿ ಪತ್ನಿ ಅನ್ನಪೂರ್ಣ 9,649 ಮತಗಳ ಅಂತರದಲ್ಲಿ ಕ್ಷೇತ್ರ ಉಳಿಸಿಕೊಂಡರು.

3. ಹತ್ತು ಮಾತು ಬೇಡ, ಒಂದು ಮಾತು ಹಿಡಿಯಿರಿ

2019ರ ಡಿಸೆಂಬರ್ ಉಪಚುನಾವಣೆಯಲ್ಲಿ ವಿಜಯನಗರ ಕ್ಷೇತ್ರದ ಕಣ ತುಂಬಿತ್ತು. ಕಾಂಗ್ರೆಸ್, ಜೆಡಿಎಸ್, ಜೊತೆಗೆ ಬಿಜೆಪಿಯ ಬಂಡಾಯ ಅಭ್ಯರ್ಥಿ. ಕಾಂಗ್ರೆಸ್ ಬಿಟ್ಟು ಬಿಜೆಪಿ ಟಿಕೆಟ್‌ನಲ್ಲಿ ನಿಂತಿದ್ದ ಆನಂದ್ ಸಿಂಗ್ ಹಿಡಿದ ಮಾತು ‘ವಿಜಯನಗರ ಜಿಲ್ಲೆ’. ಸುಮಾರು 30 ಸಾವಿರ ಮತಗಳಿಂದ ಗೆದ್ದರು. 2021ರ ಫೆಬ್ರವರಿಯಲ್ಲಿ ಅಧಿಸೂಚನೆ ಹೊರಬಿತ್ತು, ಅಕ್ಟೋಬರ್ 2ರಂದು ರಾಜ್ಯದ 31ನೇ ಜಿಲ್ಲೆ ಉದ್ಘಾಟನೆಯಾಯಿತು. ಪಕ್ಷ ಬದಲಿಸಿದ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಹೊಸಪೇಟೆಯ ಚಹಾದಂಗಡಿಯಲ್ಲಿ ಆ ಎರಡು ಪದ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ.

ನಿಮ್ಮ ರೆಸ್ಯೂಮೆ ಮೂರು ಪುಟ ಇದೆಯೇ? ಒಂದು ಪುಟಕ್ಕೆ ಇಳಿಸಿ. ಕನ್ವೇಯರ್ ನಿಂತರೆ ಯಾರನ್ನು ಕರೆಯಬೇಕು, ಆಡಿಟ್ ಬಂದರೆ ಯಾರನ್ನು ಕರೆಯಬೇಕು ಎಂದು ಸೆಕ್ಷನ್‌ನವರಿಗೆಲ್ಲ ಗೊತ್ತಿರುತ್ತದೆ. ಅಂಥ ಒಂದು ಕೆಲಸಕ್ಕೆ ನಿಮ್ಮ ಹೆಸರು ಅಂಟಿಕೊಳ್ಳಲಿ. ಆಯ್ಕೆ ಮಾಡುವವರು ಗುಂಪಿನಲ್ಲಿ ನೆನಪಿಡುವುದು ಒಬ್ಬರ ಬಗ್ಗೆ ಒಂದೇ ಸಂಗತಿ.

4. ಎಲ್ಲರ ಎರಡನೇ ಆಯ್ಕೆಯಾಗಿ

ಈ ಸೂತ್ರವನ್ನು ಬಹಳ ಜನ ಕಡೆಗಣಿಸುತ್ತಾರೆ. ಅಯೋವಾದಲ್ಲಿ ಡೆಮಾಕ್ರಟಿಕ್ ಪಕ್ಷದವರು ಅಭ್ಯರ್ಥಿಯನ್ನು ಆರಿಸುತ್ತಿದ್ದ ಸಭೆಗಳಲ್ಲಿ ಒಂದು ನಿಯಮವಿತ್ತು: ಸಾಮಾನ್ಯವಾಗಿ ಶೇ. 15ರಷ್ಟು ಬೆಂಬಲ ಸಿಗದ ಅಭ್ಯರ್ಥಿ ಆ ಸಭೆಯಲ್ಲಿ ಔಟ್. ಅವರ ಬೆಂಬಲಿಗರು ಎದ್ದು ಬೇರೆ ಗುಂಪಿಗೆ ಹೋಗಬಹುದಿತ್ತು. ಎದುರಾಳಿಯನ್ನು ಬೈದು ತಿರುಗಿದವನ ಕಡೆ ಆಗ ಯಾರು ಬರುತ್ತಾರೆ? ನಮ್ಮಲ್ಲೂ 2023ರ ಮಾರ್ಚ್ 31ರಂದು ರಾಜ್ಯ ಬಿಜೆಪಿ ಪದಾಧಿಕಾರಿಗಳಿಂದ ಮತ ಹಾಕಿಸಿ ಆಕಾಂಕ್ಷಿಗಳ ಬಗ್ಗೆ ಅಭಿಪ್ರಾಯ ಪಡೆಯಿತು. ಒಬ್ಬೊಬ್ಬರು ಮೂರು ಹೆಸರು ಬರೆಯಬೇಕಿತ್ತು. ಮೂರರಲ್ಲಿ ಒಂದಾಗಲು ಎಲ್ಲರ ಜೊತೆ ಮಾತು ಉಳಿಸಿಕೊಂಡಿರಬೇಕು.

ಪಕ್ಕದ ಡಿಪಾರ್ಟ್‌ಮೆಂಟಿನ ಮ್ಯಾನೇಜರ್‌ಗೂ ನಿಮ್ಮ ಕೆಲಸ ಗೊತ್ತಿರಲಿ. ನೋಟ್ಸ್ ಕೇಳಿದ ಸಹಪಾಠಿಗೆ ಕೊಡಿ. ಕೊಟ್ಟರೆ ನಿಮ್ಮ ರ‍್ಯಾಂಕ್ ಇಳಿಯುವುದಿಲ್ಲ.

5. ಮೊದಲ ತಿಂಗಳೇ ದುಡ್ಡು, ದಮ್ಮು ಸುಡಬೇಡಿ

2016ರ ರಿಪಬ್ಲಿಕನ್ ಟಿಕೆಟ್ ಸ್ಪರ್ಧೆಯಲ್ಲಿ ವಿಸ್ಕಾನ್ಸಿನ್ ಗವರ್ನರ್ ಸ್ಕಾಟ್ ವಾಕರ್ ಮುಂಚೂಣಿಯಲ್ಲಿದ್ದರು. ದೊಡ್ಡ ಸಿಬ್ಬಂದಿ ಕಟ್ಟಿಕೊಂಡರು, ದೇಣಿಗೆ ಬತ್ತಿತು, 71 ದಿನಕ್ಕೆ ಕಣ ಬಿಟ್ಟರು. ಒಂದು ಮತವೂ ಬೀಳುವ ಮೊದಲೇ! ಜೆಬ್ ಬುಷ್ ಪರ 10 ಕೋಟಿ ಡಾಲರ್‌ಗೂ ಹೆಚ್ಚು ಸಂಗ್ರಹವಾಗಿತ್ತು. ಒಂದು ರಾಜ್ಯವನ್ನೂ ಗೆಲ್ಲಲಿಲ್ಲ. 2020ರಲ್ಲಿ ಮೈಕಲ್ ಬ್ಲೂಮ್‌ಬರ್ಗ್ ಸುಮಾರು 100 ಕೋಟಿ ಡಾಲರ್ ಸುರಿದರು. ಗೆದ್ದದ್ದು ಪುಟ್ಟ ಅಮೆರಿಕನ್ ಸಮೋವಾ ಮಾತ್ರ.

ಒಟ್ಟಿಗೆ ಮೂರು ಕೋಚಿಂಗ್ ಸೇರಬೇಡಿ. ಹೊಸ ಟ್ಯಾಬ್, ಹೊಸ ಟೇಬಲ್, ಹೊಸ ಟೈಮ್‌ಟೇಬಲ್ ಎಂದು ಮೊದಲ ತಿಂಗಳು ಕಳೆಯಬೇಡಿ. ಉಳಿತಾಯವನ್ನೂ ನಿದ್ದೆಯನ್ನೂ ಕೊನೆಯ ಮೂರು ತಿಂಗಳಿಗೆ ಕಾಯ್ದಿಡಿ. ಸಾಲು ಕರಗುವುದೇ ಆಗ.

6. ಪ್ರಿಲಿಮ್ಸ್ ಬೇರೆ, ಮೇನ್ಸ್ ಬೇರೆ

2014ರ ಲೋಕಸಭಾ ಚುನಾವಣೆಗೆ ಕಾಂಗ್ರೆಸ್ ಅಮೆರಿಕದ ಮಾದರಿಯ ಪ್ರೈಮರಿಯನ್ನು ದೇಶದ ಕೆಲವೇ ಕ್ಷೇತ್ರಗಳಲ್ಲಿ ಪ್ರಯೋಗ ಮಾಡಿತು. ಕರ್ನಾಟಕದಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ. ಒಳಗಿನ ಮತದಾನದಲ್ಲಿ ಸಿ. ನಾರಾಯಣಸ್ವಾಮಿ, ಬಿ. ಜನಾರ್ದನ ಪೂಜಾರಿ ಟಿಕೆಟ್ ಪಡೆದರು. ಹೊರಗಿನ ಚುನಾವಣೆಯಲ್ಲಿ ಸದಾನಂದ ಗೌಡ, ನಳಿನ್ ಕುಮಾರ್ ಕಟೀಲ್ ಗೆದ್ದರು. ಪಕ್ಷದವರು ಒಪ್ಪುವುದು ಒಂದು ಪರೀಕ್ಷೆ, ಊರು ಒಪ್ಪುವುದು ಇನ್ನೊಂದು.

ಕೆಎಎಸ್ ಪ್ರಿಲಿಮ್ಸ್ ಅಂಕ ಅಂತಿಮ ರ‍್ಯಾಂಕಿಗೆ ಸೇರುವುದಿಲ್ಲ. ಆದ್ದರಿಂದ ಉತ್ತರ ಬರೆಯುವ ಅಭ್ಯಾಸವನ್ನು ಫಲಿತಾಂಶ ಬಂದ ಮೇಲಲ್ಲ, ಈಗಲೇ ಶುರು ಮಾಡಿ. ದಿನಕ್ಕೆ ಒಂದೇ ಪ್ರಶ್ನೆ ಸಾಕು.

7. ಎದುರಿಗಿರುವವರ ಭಾಷೆ ಕಲಿಯಿರಿ

1999ರ ಲೋಕಸಭಾ ಚುನಾವಣೆಗೆ ಬಳ್ಳಾರಿಗೆ ಬಂದ ಸುಷ್ಮಾ ಸ್ವರಾಜ್ ಕೆಲವೇ ವಾರಗಳಲ್ಲಿ ಕನ್ನಡದಲ್ಲಿ ಭಾಷಣ ಮಾಡಿದರು. ಸೋನಿಯಾ ಗಾಂಧಿ ಎದುರು ಸುಮಾರು 56 ಸಾವಿರ ಮತಗಳಿಂದ ಸೋತರು, ನಿಜ. ಆದರೆ ಮುಂದೆ ವರ್ಷಗಳ ಕಾಲ ವರಮಹಾಲಕ್ಷ್ಮಿ ಹಬ್ಬಕ್ಕೆ ಬಳ್ಳಾರಿಗೆ ಬರುತ್ತಿದ್ದರು, ಜನ ಕಾಯುತ್ತಿದ್ದರು. ಇಂಗ್ಲಿಷ್ ಇಂಟರ್‌ವ್ಯೂ ಎಂದರೆ ಕೈ ನಡುಗುತ್ತದೆಯೇ? ದಿನಕ್ಕೆ ಇಪ್ಪತ್ತು ನಿಮಿಷ ಗಟ್ಟಿಯಾಗಿ ಓದಿ.

8. ಈ ಸಲ ನಿಮ್ಮದಲ್ಲ ಎಂದಾದರೆ ಮರ್ಯಾದೆಯಿಂದ ಸರಿಯಿರಿ

2020ರ ಡೆಮಾಕ್ರಟಿಕ್ ಟಿಕೆಟ್ ಪೈಪೋಟಿಯಿಂದ ಕಮಲಾ ಹ್ಯಾರಿಸ್ 2019ರ ಡಿಸೆಂಬರ್ 3ರಂದು, ಮತದಾನಕ್ಕೆ ಮುಂಚೆಯೇ ಹಿಂದೆ ಸರಿದರು. 2021ರ ಜನವರಿಯಲ್ಲಿ ಉಪಾಧ್ಯಕ್ಷರಾದರು. ಪೀಟ್ ಬುಟಿಜೆಜ್ 2020ರ ಮಾರ್ಚ್ 1ರಂದು ಕಣ ಬಿಟ್ಟು ಮರುದಿನವೇ ಬೈಡನ್ ಬೆನ್ನಿಗೆ ನಿಂತರು. ಮುಂದೆ ಸಾರಿಗೆ ಸಚಿವರಾದರು. ನಮ್ಮಲ್ಲಿ ಪಟ್ಟಿ ಹೊರಬಿದ್ದ ಸಂಜೆಯೇ ಬಂಡಾಯದ ಬಾವುಟ ಏರುತ್ತದೆ. ಸಿಟ್ಟು ಅರ್ಥವಾಗುತ್ತದೆ, ಆದರೆ ಸಿಟ್ಟಿನಲ್ಲಿ ಹಾಕಿದ ನಾಮಪತ್ರ ಗೆಲ್ಲುವುದು ಅಪರೂಪ.

ಟೀಮ್ ಲೀಡ್ ಹುದ್ದೆ ಸಹೋದ್ಯೋಗಿಗೆ ಹೋಯಿತೇ? ಅಂದೇ ಹೋಗಿ ಕೈಕುಲುಕಿ. ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಚುಚ್ಚು ಮಾತು ಹಾಕಬೇಡಿ. ಮುಂದಿನ ಹುದ್ದೆ ಖಾಲಿಯಾದಾಗ ನಿಮ್ಮ ಹೆಸರು ಹೇಳಬೇಕಾದವರು ಅವರೇ.

9. ಸೋತರೂ ಊರು ಬಿಡಬೇಡಿ

ಎಚ್.ಆರ್. ಗವಿಯಪ್ಪ 2004ರಲ್ಲಿ ಹೊಸಪೇಟೆಯಿಂದ ಪಕ್ಷೇತರರಾಗಿ ಗೆದ್ದವರು. 2018ರಲ್ಲಿ ಬಿಜೆಪಿಯಿಂದ ನಿಂತು, ಆಗಿನ್ನೂ ಕಾಂಗ್ರೆಸ್‌ನಲ್ಲಿದ್ದ ಆನಂದ್ ಸಿಂಗ್ ಎದುರು ಸುಮಾರು 8 ಸಾವಿರ ಮತಗಳಿಂದ ಸೋತರು. 2023ರಲ್ಲಿ ಕಾಂಗ್ರೆಸ್‌ನಿಂದ ನಿಂತು ಆನಂದ್ ಸಿಂಗ್ ಅವರ ಮಗ ಸಿದ್ಧಾರ್ಥ ಸಿಂಗ್ ಅವರನ್ನು 33 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. 2004ರಿಂದ 2023ಕ್ಕೆ 19 ವರ್ಷ.

ನಿಮ್ಮ ಹಳೆಯ ಹಾಲ್ ಟಿಕೆಟ್‌ಗಳನ್ನು ಹರಿದು ಹಾಕಬೇಡಿ. ಯಾವ ಪೇಪರ್‌ನಲ್ಲಿ ಎಷ್ಟು ಅಂಕದಿಂದ ತಪ್ಪಿತು ಎಂದು ಅದರ ಹಿಂದೆಯೇ ಬರೆಯಿರಿ. ಇಂದು ರಾತ್ರಿ ಊಟವಾದ ಮೇಲೆ ಫೋನ್ ಪಕ್ಕಕ್ಕಿಟ್ಟು ಸಿಲಬಸ್ ಹರಡಿ, ಪೆನ್ನು ಹಿಡಿದು ಸೊನ್ನೆ ಹಾಕಲು ಶುರು ಮಾಡಿ.