ಮನೆಯ ಬಾಗಿಲು ಮುಚ್ಚದಿರಲಿ: ಲಿಂಗತ್ವ ಅಲ್ಪಸಂಖ್ಯಾತರ ಜೊತೆ ನಿಲ್ಲಲು ಎಂಟು ಹೆಜ್ಜೆ

ಸಿಗ್ನಲ್ಲಿನಲ್ಲಿ ಚಪ್ಪಾಳೆ ತಟ್ಟಿ ಕೈಚಾಚುವವರನ್ನು ಎಲ್ಲರೂ ನೋಡಿರುತ್ತಾರೆ. ಅವರು ಅಲ್ಲಿಗೆ ಬಂದ ದಾರಿಯನ್ನು ನೋಡಿದವರು ಕಡಿಮೆ. ಆ ದಾರಿ ಹೆಚ್ಚಾಗಿ ಹದಿಹರೆಯದಲ್ಲಿ, ಮನೆಯಲ್ಲೇ ಶುರುವಾಗುತ್ತದೆ. ನಡಿಗೆಗೆ ಬೈಗುಳ, ಮಾತಿನ ಧಾಟಿಗೆ ಏಟು, ಶಾಲೆಯಲ್ಲಿ ಗೇಲಿ, ಕೊನೆಗೊಂದು ರಾತ್ರಿ ಸಿಕ್ಕ ಬಸ್ಸು ಹತ್ತಿ ಊರು ಬಿಡುವುದು. ಹಾಗೆ ಹೊರಟವರ ಬಳಿ ಅಂಕಪಟ್ಟಿ ಇರುವುದಿಲ್ಲ, ಆಧಾರ್ ಇರುವುದಿಲ್ಲ. ಇದ್ದರೂ ಅದರಲ್ಲಿನ ಹೆಸರಿಗೂ ಎದುರಿಗೆ ನಿಂತವರಿಗೂ ತಾಳೆಯಾಗುವುದಿಲ್ಲ. ದಾಖಲೆ ಇಲ್ಲದವರಿಗೆ ಕೆಲಸವಿಲ್ಲ, ಕೆಲಸವಿಲ್ಲದವರಿಗೆ ಬಾಡಿಗೆ ಮನೆಯಿಲ್ಲ. ಭಿಕ್ಷೆ, ಲೈಂಗಿಕ ವೃತ್ತಿ ಎಂಬ ಎರಡೇ ದಾರಿ ಉಳಿಯುವುದು ಹೀಗೆ.

2011ರ ಜನಗಣತಿಯಲ್ಲಿ ದೇಶದಲ್ಲಿ 4,87,803 ಮಂದಿ ಗಂಡು, ಹೆಣ್ಣು ಎರಡನ್ನೂ ಬಿಟ್ಟು 'ಇತರೆ' ಎಂದು ದಾಖಲಾದರು. ಹೇಳಿಕೊಳ್ಳಲು ಅಂಜಿದವರು, ಮನೆಯವರೇ ಮುಚ್ಚಿಟ್ಟವರು ಈ ಲೆಕ್ಕಕ್ಕೆ ಸಿಕ್ಕಿಲ್ಲ. ಅವರಲ್ಲೊಬ್ಬರು ನಿಮ್ಮ ಮನೆಯಲ್ಲಿ, ಓಣಿಯಲ್ಲಿ, ತರಗತಿಯಲ್ಲಿ ಇರಬಹುದು. ಅಂಥವರ ಜೊತೆ ನಿಲ್ಲಲು ಮಾಡಬೇಕಾದ್ದೇನು?

1. ಮೊದಲು ವಿಷಯ ತಿಳಿಯಿರಿ

ಮಗು ಹುಟ್ಟಿದಾಗ ದೇಹ ನೋಡಿ ಗಂಡು ಅಥವಾ ಹೆಣ್ಣು ಎಂದು ಬರೆಯುತ್ತಾರೆ. ಬೆಳೆಯುತ್ತಾ 'ನಾನು ಯಾರು' ಎಂಬ ಒಳಗಿನ ಅರಿವು ಹೆಚ್ಚಿನವರಲ್ಲಿ ಆ ಬರಹಕ್ಕೆ ಹೊಂದುತ್ತದೆ. ಕೆಲವರಲ್ಲಿ ಹೊಂದುವುದಿಲ್ಲ; ಅವರೇ ಟ್ರಾನ್ಸ್‌ಜೆಂಡರ್ ಅಥವಾ ಲಿಂಗತ್ವ ಅಲ್ಪಸಂಖ್ಯಾತರು. ಗಂಡೆಂದು ಬರೆಸಿಕೊಂಡು ಹೆಣ್ಣಾಗಿ ಬದುಕುವವರು ಟ್ರಾನ್ಸ್ ಮಹಿಳೆ. ಹೆಣ್ಣೆಂದು ಬರೆಸಿಕೊಂಡು ಗಂಡಾಗಿ ಬದುಕುವವರು ಟ್ರಾನ್ಸ್ ಪುರುಷ. ಎರಡರಲ್ಲೂ ತಮ್ಮನ್ನು ಗುರುತಿಸಿಕೊಳ್ಳದವರೂ ಇದ್ದಾರೆ. ಟ್ರಾನ್ಸ್ ಪುರುಷರು ಬೀದಿಯಲ್ಲಿ ಎದ್ದು ಕಾಣುವುದಿಲ್ಲ. ಹಾಗಾಗಿ ಅವರು ಇದ್ದಾರೆಂಬುದೇ ಅನೇಕರಿಗೆ ಗೊತ್ತಿಲ್ಲ. ಹೆಣ್ಣುಮಗಳೆಂದು ಮನೆಯಲ್ಲೇ ಕಟ್ಟಿಹಾಕಿ, ಬೇಗ ಮದುವೆ ಮಾಡಿಬಿಡುವ ಕಾಟ ಅವರಿಗೆ ಹೆಚ್ಚು.

ಯಾರ ಮೇಲೆ ಪ್ರೀತಿ ಹುಟ್ಟುತ್ತದೆ ಎನ್ನುವುದು ಬೇರೆಯೇ ಪ್ರಶ್ನೆ. ಸಲಿಂಗ ಪ್ರೇಮವನ್ನೂ ಲಿಂಗತ್ವದ ಅರಿವನ್ನೂ ಒಂದೇ ಎಂದುಕೊಳ್ಳಬೇಡಿ. ಹುಟ್ಟಿನಲ್ಲೇ ದೇಹರಚನೆಯಲ್ಲಿ ವ್ಯತ್ಯಾಸವಿರುವ ಅಂತರಲಿಂಗಿಗಳ ವಿಷಯವೂ ಬೇರೆ.

'ಇದೆಲ್ಲ ಹೊರದೇಶದ ಗಾಳಿ' ಎನ್ನುವವರು ಸವದತ್ತಿ ಯಲ್ಲಮ್ಮನ ಗುಡ್ಡದ ಜಾತ್ರೆಗೆ ಹೋಗಿ ಬರಲಿ. ಗಂಡಾಗಿ ಹುಟ್ಟಿ, ಯಲ್ಲಮ್ಮನ ಭಕ್ತರಾಗಿ ಸೀರೆಯುಟ್ಟು, ಚೌಡಿಕೆ ಎಂಬ ವಾದ್ಯ ಹಿಡಿದು ಹಾಡುವ ಜೋಗಪ್ಪಂದಿರ ಪರಂಪರೆ ಹೊಸದಲ್ಲ. ಇಂಥ ಸಮುದಾಯಗಳ ಮೇಲಿನ ಅನುಮಾನವನ್ನು ಕಾನೂನಾಗಿಸಿದ್ದು ಬ್ರಿಟಿಷರು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಹಿಜ್ರಾಗಳ ಹೆಸರನ್ನು ಪಟ್ಟಿ ಮಾಡಿ ನಿಗಾ ಇಡಲು ಅಧಿಕಾರ ಕೊಟ್ಟಿತ್ತು.

2. ಮಗು ಬಾಯಿಬಿಟ್ಟಾಗ ಕೇಳಿಸಿಕೊಳ್ಳಿ

'ಅಮ್ಮಾ, ನಾನು ಹುಡುಗ ಅಲ್ಲ' ಎಂಬ ಒಂದು ಮಾತು ಹೊರಬರಲು ವರ್ಷಗಳೇ ಹಿಡಿದಿರುತ್ತವೆ. ಆ ಹೊತ್ತಿನಲ್ಲಿ ನಿಮಗೆ ಎಲ್ಲವೂ ಅರ್ಥವಾಗಬೇಕಿಲ್ಲ. 'ಆಯ್ತು ಕಂದಾ, ಹೇಳು, ಕೇಳ್ತಾ ಇದೀನಿ' ಎಂದರೆ ಸಾಕು. ಗಾಬರಿ, ದುಃಖ ಆಗುವುದು ಸಹಜ. ಅದನ್ನು ಮಗುವಿನ ಮುಂದೆ ತೋಡಿಕೊಳ್ಳದೆ ನಂಬಿಕಸ್ಥರಾದ ಇನ್ನೊಬ್ಬ ಹಿರಿಯರ ಬಳಿ ಹೇಳಿಕೊಳ್ಳಿ.

ಈ ಹಂತದಲ್ಲಿ ಮಾಡಬಾರದ್ದು ನಾಲ್ಕು. ಹೊಡೆಯಬೇಡಿ. ಮಂತ್ರವಾದಿ, ತಾಯತ, ಹರಕೆ ಎಂದು ಅಲೆಸಬೇಡಿ. ಮಗುವಿನ ಒಪ್ಪಿಗೆಯಿಲ್ಲದೆ ಚಿಕ್ಕಪ್ಪ, ಸೋದರತ್ತೆ, ಮೇಷ್ಟ್ರು ಎಂದು ಎಲ್ಲರಿಗೂ ಸುದ್ದಿ ಮುಟ್ಟಿಸಬೇಡಿ. ಮುಖ್ಯವಾಗಿ, 'ಮದುವೆ ಮಾಡಿದರೆ ಸರಿಹೋಗುತ್ತೆ' ಎಂಬ ಮಾತಿಗೆ ಕಿವಿಗೊಡಬೇಡಿ. ಆ ಮದುವೆ ಏನೂ ತಿಳಿಯದೆ ತಾಳಿಗೆ ಕೊರಳೊಡ್ಡಿದ ಇನ್ನೊಬ್ಬರ ಬಾಳನ್ನೂ ಹಾಳುಮಾಡುತ್ತದೆ.

3. ಅವರ ಹೆಸರಿನಿಂದಲೇ ಕರೆಯಿರಿ

ಅವರು ಆಯ್ದುಕೊಂಡ ಹೆಸರಿನಿಂದ ಕರೆಯುವುದಕ್ಕೆ ಒಂದು ಪೈಸೆಯೂ ಖರ್ಚಿಲ್ಲ, ಅದು ಕೊಡುವ ಧೈರ್ಯ ಮಾತ್ರ ದೊಡ್ಡದು. ಹೊರಗಿನವರಿಗೆ ಇದು ಸುಲಭ: 'ನೀವು', 'ಅವರು', 'ಬಂದರು', 'ಹೇಳಿದರು' ಎಂದರೆ ಯಾರಿಗೂ ನೋವಾಗುವುದಿಲ್ಲ. ಮನೆಯಲ್ಲಿ ಹೀಗೆ ತಪ್ಪಿಸಿಕೊಳ್ಳಲಾಗದು. ಸಲುಗೆಯ ಮಾತಿನಲ್ಲಿ ಹೆಜ್ಜೆಗೊಮ್ಮೆ ಲಿಂಗ ಅಂಟಿಕೊಂಡಿರುತ್ತದೆ. ಹದಿನೆಂಟು ವರ್ಷ 'ಬಾರೋ, ಊಟ ಆಯ್ತೇನೋ' ಎಂದ ತಾಯಿಯ ನಾಲಿಗೆ 'ಬಾರೇ, ಊಟ ಆಯ್ತೇನೇ' ಎನ್ನಲು ಹೊತ್ತು ಹಿಡಿಯುತ್ತದೆ. ತಪ್ಪಿದಾಗ ಅಳುತ್ತಾ ಕ್ಷಮೆ ಕೇಳುವುದು ಬೇಡ. ಸರಿಪಡಿಸಿಕೊಂಡು ಮಾತು ಮುಂದುವರಿಸಿ. ತಂಗಿ 'ಅಣ್ಣಾ' ಬಿಟ್ಟು 'ಅಕ್ಕಾ' ಎಂದ ದಿನ ಮನೆಯ ಅರ್ಧ ಬಿಗುವು ಸಡಿಲವಾಗುತ್ತದೆ.

ಬಿಡಬೇಕಾದ ಮಾತುಗಳೂ ಇವೆ. 'ಒಂಬತ್ತು', 'ಚಕ್ಕಾ' ಎನ್ನುವುದು ಬೈಗುಳ. 'ಲಿಂಗತ್ವ ಅಲ್ಪಸಂಖ್ಯಾತರು', 'ಟ್ರಾನ್ಸ್‌ಜೆಂಡರ್' ಎಲ್ಲೆಡೆ ನಡೆಯುತ್ತವೆ. 'ಮಂಗಳಮುಖಿ', 'ಜೋಗತಿ', 'ಹಿಜ್ರಾ' ಎಂಬುವನ್ನು ಆ ಸಮುದಾಯದವರು ತಾವೇ ಹೇಳಿಕೊಂಡಾಗ ಬಳಸಿ; ಟ್ರಾನ್ಸ್ ಪುರುಷರೊಬ್ಬರನ್ನು ಮಂಗಳಮುಖಿ ಎಂದರೆ ತಪ್ಪಾಗುತ್ತದೆ. 'ಮೊದಲಿನ ಹೆಸರೇನು?', 'ಆಪರೇಷನ್ ಆಗಿದೆಯಾ?' ಎಂದು ಕೇಳಲೇಬೇಡಿ. ಬೇರೆ ಯಾರ ಮೈಯ ಬಗ್ಗೆಯೂ ನಾವು ಹಾಗೆ ಕೇಳುವುದಿಲ್ಲವಲ್ಲ.

4. ಸರಿಯಾದ ವೈದ್ಯರನ್ನು ಹುಡುಕಿ

ಟ್ರಾನ್ಸ್‌ಜೆಂಡರ್ ಆಗಿರುವುದು ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ, 2022ರ ಜನವರಿಯಿಂದ ಜಾರಿಗೆ ಬಂದ ರೋಗಗಳ ವರ್ಗೀಕರಣದಲ್ಲಿ ಇದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದುಹಾಕಿದೆ. ಆದರೂ ದೇಹ ಮತ್ತು ಮನಸ್ಸಿನ ನಡುವಿನ ತಿಕ್ಕಾಟ, ಸುತ್ತಲಿನ ಅವಮಾನ ಎರಡೂ ಸೇರಿ ಖಿನ್ನತೆ ತರಬಹುದು. ಆಪ್ತ ಸಮಾಲೋಚಕರ ನೆರವು ಬೇಕಾಗುವುದು ಅದಕ್ಕೆ. 'ಸರಿಮಾಡಿ ಕಳಿಸುತ್ತೇನೆ' ಎಂದು ಭರವಸೆ ಕೊಡುವ ವೈದ್ಯರಿಂದ ದೂರವಿರಿ. ಇಂಥ 'ಪರಿವರ್ತನಾ ಚಿಕಿತ್ಸೆ'ಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿ ದುರ್ನಡತೆ ಎಂದು ಸಾರಿದೆ.

ಚಿಕ್ಕ ಮಕ್ಕಳಿಗೆ ಯಾವ ಮಾತ್ರೆಯೂ ಬೇಕಿಲ್ಲ. ಬಟ್ಟೆ, ಕೂದಲು, ಹೆಸರು, ಆಟ ಇವುಗಳಲ್ಲಿ ಒತ್ತಾಯ ಮಾಡದಿದ್ದರೆ ಅದೇ ದೊಡ್ಡ ಆಸರೆ. ದೊಡ್ಡವರಾದ ಮೇಲೂ ಎಲ್ಲರೂ ಹಾರ್ಮೋನು, ಶಸ್ತ್ರಚಿಕಿತ್ಸೆ ಬಯಸುವುದಿಲ್ಲ. ಬಯಸಿದವರು ಮನೋವೈದ್ಯರು ಮತ್ತು ಹಾರ್ಮೋನು ತಜ್ಞರ (ಎಂಡೋಕ್ರೈನಾಲಜಿಸ್ಟ್) ಮೂಲಕವೇ ಹೋಗಬೇಕು. ಅಂಗಡಿಯಲ್ಲಿ ಗರ್ಭನಿರೋಧಕ ಮಾತ್ರೆ ಕೊಂಡು ಹಾರ್ಮೋನಿನ ಬದಲು ನುಂಗುವ ರೂಢಿ ಅಪಾಯಕಾರಿ. ರಕ್ತ ಹೆಪ್ಪುಗಟ್ಟಬಹುದು, ಯಕೃತ್ತಿಗೆ ಪೆಟ್ಟು ಬೀಳಬಹುದು. ಗುಟ್ಟಾಗಿ ಮಾಡಿಸಿಕೊಳ್ಳುವ ಶಸ್ತ್ರಚಿಕಿತ್ಸೆಯಂತೂ ಜೀವಕ್ಕೇ ಎರವಾಗುತ್ತದೆ. ಚಿಕಿತ್ಸೆಯ ವೆಚ್ಚಕ್ಕಾಗಿ ಕೇಂದ್ರ ಸರ್ಕಾರ 2022ರಲ್ಲಿ 'ಆಯುಷ್ಮಾನ್ ಭಾರತ್ ಟಿಜಿ ಪ್ಲಸ್' ಘೋಷಿಸಿತು. ಅದರಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಯ ಮಾತಿದೆ. ಆಸ್ಪತ್ರೆಗೆ ಸೇರುವ ಮೊದಲೇ ಅದು ಅಲ್ಲಿ ಸಿಗುತ್ತದೆಯೇ ಎಂದು ಕೇಳಿಕೊಳ್ಳಿ.

5. ಶಾಲೆ ಬಿಡದಂತೆ ನೋಡಿಕೊಳ್ಳಿ

ಮನೆಯ ನಂತರ ಮಗು ಸೋಲುವುದು ಶಾಲೆಯಲ್ಲಿ. ಪೋಷಕರು ಮುಖ್ಯೋಪಾಧ್ಯಾಯರನ್ನು ಖುದ್ದು ಕಂಡು ಮೂರು ವಿಷಯ ಮಾತಾಡಿಕೊಳ್ಳಿ: ಹಾಜರಿ ಕೂಗುವಾಗ ಯಾವ ಹೆಸರು, ಯಾವ ಶೌಚಾಲಯ, ಗೇಲಿ ಮಾಡಿದರೆ ಯಾರಿಗೆ ಹೇಳಬೇಕು. ಶೌಚಾಲಯದ ಮಾತು ಸಣ್ಣದೆನಿಸಬಹುದು. ಅಲ್ಲಿ ಏಟು ತಿಂದ ಮಗು ಮಾರನೆಯ ದಿನದಿಂದ ನೀರು ಕುಡಿಯುವುದನ್ನೇ ಬಿಡುತ್ತದೆ, ಆಮೇಲೆ ಶಾಲೆಯನ್ನೇ ಬಿಡುತ್ತದೆ. ಒಂಟಿಯಾಗಿ ಬಳಸಬಹುದಾದ ಒಂದು ಶೌಚಾಲಯದ ಕೀಲಿ ಕೊಟ್ಟರೂ ಸಮಸ್ಯೆ ಎಷ್ಟೋ ತಗ್ಗುತ್ತದೆ. ಶಿಕ್ಷಕರು 'ಹುಡುಗರು ಈ ಕಡೆ, ಹುಡುಗಿಯರು ಆ ಕಡೆ' ಎಂದು ಸಾಲು ಮಾಡುವುದನ್ನು ಬಿಟ್ಟು ಹಾಜರಿ ಸಂಖ್ಯೆಯ ಮೇಲೆ ಗುಂಪು ಮಾಡಬಹುದು.

6. ದಾಖಲೆಗಳನ್ನು ವರಸೆಯಾಗಿ ಮಾಡಿಸಿ

ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ (ನಾಲ್ಸಾ) ಪ್ರಕರಣದ ತೀರ್ಪಿನಲ್ಲಿ, ತನ್ನ ಲಿಂಗತ್ವ ಯಾವುದೆಂದು ತಾನೇ ಹೇಳಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣಾ ಕಾಯ್ದೆ ಜಿಲ್ಲಾಧಿಕಾರಿಯಿಂದ ಗುರುತಿನ ಪ್ರಮಾಣಪತ್ರ ಕೊಡಿಸುವ ವ್ಯವಸ್ಥೆ ಮಾಡಿತು. 2020ರಲ್ಲಿ ಬಂದ ನಿಯಮಗಳ ಪ್ರಕಾರ ಇದಕ್ಕೆ ಅರ್ಜಿ ಮತ್ತು ಅಫಿಡವಿಟ್ ಸಾಕಿತ್ತು, ದೈಹಿಕ ತಪಾಸಣೆ ಕೇಳುವಂತಿರಲಿಲ್ಲ. ಕಾನೂನಿಗೆ ತಿದ್ದುಪಡಿಗಳು ಬರುತ್ತಿರುತ್ತವೆ. ಅರ್ಜಿ ಹಾಕುವ ದಿನ ಯಾವ ನಿಯಮ ಜಾರಿಯಲ್ಲಿದೆ ಎಂಬುದನ್ನು ಕೇಂದ್ರ ಸಾಮಾಜಿಕ ನ್ಯಾಯ ಇಲಾಖೆಯ ಟ್ರಾನ್ಸ್‌ಜೆಂಡರ್ ರಾಷ್ಟ್ರೀಯ ಪೋರ್ಟಲ್‌ನಲ್ಲೋ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲೋ ಖಚಿತಪಡಿಸಿಕೊಳ್ಳಿ.

ವರಸೆ ಹೀಗಿರಲಿ. ಮೊದಲು ಗುರುತಿನ ಪ್ರಮಾಣಪತ್ರ ಮತ್ತು ಕಾರ್ಡು. ಅದರ ಆಧಾರದ ಮೇಲೆ ಆಧಾರ್. ಆಮೇಲೆ ಪ್ಯಾನ್, ಬ್ಯಾಂಕ್ ಖಾತೆ, ಮತದಾರರ ಚೀಟಿ, ಪಡಿತರ ಚೀಟಿ. ಪ್ಯಾನ್ ಅರ್ಜಿಯಲ್ಲಿ 2018ರಿಂದಲೇ ಟ್ರಾನ್ಸ್‌ಜೆಂಡರ್ ಆಯ್ಕೆ ಇದೆ. ಅಂಕಪಟ್ಟಿ, ಜನನ ಪ್ರಮಾಣಪತ್ರಗಳಿಗೆ ಓಡಾಟ ಹೆಚ್ಚು, ಅವನ್ನು ಕೊನೆಗಿಟ್ಟುಕೊಳ್ಳಿ. ಎಲ್ಲ ಕಡೆ ಹೆಸರಿನ ಅಕ್ಷರ, ಇನಿಷಿಯಲ್ ಒಂದೇ ಇರುವಂತೆ ನೋಡಿಕೊಳ್ಳಿ. ಒಂದು ಅಕ್ಷರ ತಪ್ಪಿದರೂ ಮತ್ತೆ ಮೊದಲಿನಿಂದ ಅಲೆಯಬೇಕಾಗುತ್ತದೆ. ಹಳೆಯ ದಾಖಲೆಗಳನ್ನು ಸಿಟ್ಟಿನಲ್ಲಿ ಹರಿದು ಹಾಕಬೇಡಿ, ಹೊಸದಕ್ಕೆ ಅವೇ ಕೊಂಡಿ. ಸಾಧ್ಯವಾದರೆ ಕಚೇರಿಗೆ ಜೊತೆಯಲ್ಲಿ ಹೋಗಿ. ಒಬ್ಬರೇ ನಿಂತಾಗ 'ನಾಳೆ ಬಾ' ಎನ್ನುವ ಕೌಂಟರ್, ಪಕ್ಕದಲ್ಲಿ ಅಪ್ಪನೋ ಗೆಳತಿಯೋ ನಿಂತಾಗ 'ಕೂತ್ಕೊಳ್ಳಿ' ಎನ್ನುತ್ತದೆ.

ಕರ್ನಾಟಕದಲ್ಲಿ ಸಿಗುವ ಸೌಲಭ್ಯಗಳನ್ನೂ ಕೇಳಿ ಪಡೆಯಿರಿ. 'ಮೈತ್ರಿ' ಯೋಜನೆಯಲ್ಲಿ ಮಾಸಾಶನವಿದೆ. 2023ರ ಜೂನ್ 11ರಂದು ಶುರುವಾದ 'ಶಕ್ತಿ' ಯೋಜನೆಯಲ್ಲಿ ಮಹಿಳೆಯರಂತೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಸರ್ಕಾರಿ ಬಸ್ಸಿನಲ್ಲಿ ಶೂನ್ಯ ಟಿಕೆಟ್ ಸಿಗುತ್ತದೆ. 2021ರಲ್ಲಿ ರಾಜ್ಯ ಸರ್ಕಾರ ನೇಮಕಾತಿ ನಿಯಮ ತಿದ್ದಿ ನೇರ ನೇಮಕಾತಿಯಲ್ಲಿ ಶೇ 1ರಷ್ಟು ಸಮತಲ ಮೀಸಲಾತಿ (ಪ್ರತಿ ವರ್ಗದೊಳಗೂ ಅನ್ವಯಿಸುವ ಮೀಸಲಾತಿ) ಕೊಟ್ಟಿತು. ದೇಶದಲ್ಲಿ ಇಂಥ ಹೆಜ್ಜೆ ಇಟ್ಟ ಮೊದಲ ರಾಜ್ಯ ನಮ್ಮದು.

7. ಕೆಲಸ ಕೊಡಿ, ಮನೆ ಕೊಡಿ

ಲಿಂಗತ್ವ ಅಲ್ಪಸಂಖ್ಯಾತರಿಗೆ ದುಡ್ಡು ಕೊಟ್ಟು ಆಶೀರ್ವಾದ ಪಡೆಯುವವರೇ ಅವರಿಗೆ ಬಾಡಿಗೆಗೆ ಮನೆ ಕೊಡಲು ಹಿಂಜರಿಯುತ್ತಾರೆ. ಮನೆ ಮಾಲೀಕರು ಉಳಿದ ಬಾಡಿಗೆದಾರರಿಗೆ ಕೇಳುವಷ್ಟೇ ಅಡ್ವಾನ್ಸ್, ಅಷ್ಟೇ ಬಾಡಿಗೆ ಕೇಳಲಿ. ಉದ್ಯೋಗದಾತರು ಕೆಲಸಕ್ಕೆ ಸೇರಿಸಿಕೊಳ್ಳುವ ಮೊದಲು ಶೌಚಾಲಯ, ಹಾಜರಿ ಪುಸ್ತಕದ ಹೆಸರು, ದೂರು ಕೇಳುವ ಅಧಿಕಾರಿ ಈ ಮೂರನ್ನು ಇತ್ಯರ್ಥ ಮಾಡಿಕೊಳ್ಳಲಿ. ದೂರು ಅಧಿಕಾರಿಯನ್ನು ನೇಮಿಸಬೇಕೆಂದು 2019ರ ಕಾಯ್ದೆಯೇ ಹೇಳಿದೆ.

ಕೆಲಸ, ಮನೆಯಷ್ಟೇ ಅಲ್ಲ, ಜನ ಬಂದುಹೋಗುವ ಜಾಗಗಳೂ ಬದಲಾಗಬೇಕು. ಆಸ್ಪತ್ರೆಯ ಹೊರರೋಗಿ ವಿಭಾಗವನ್ನು ಗಮನಿಸಿ. ಸಿಬ್ಬಂದಿ ಚೀಟಿ ನೋಡಿ ಗಂಡು ಹೆಸರು ಕೂಗುತ್ತಾರೆ. ಸೀರೆಯುಟ್ಟವರು ಎದ್ದು ಬರುತ್ತಾರೆ. ಬೆಂಚಿನ ಮೇಲಿದ್ದವರೆಲ್ಲ ಕತ್ತೆತ್ತಿ ನೋಡುತ್ತಾರೆ. ಮುಂದಿನ ಸಲ ಜ್ವರ ಬಂದರೂ ಅವರು ಅಲ್ಲಿಗೆ ಕಾಲಿಡುವುದಿಲ್ಲ. ಹೆಸರಿನ ಬದಲು ಟೋಕನ್ ಸಂಖ್ಯೆ ಕೂಗಿದರೆ ಈ ಅವಮಾನ ಅಲ್ಲಿಗೇ ನಿಲ್ಲುತ್ತದೆ.

ಅವಕಾಶ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಅವರ ಬದುಕನ್ನೇ ನೋಡಬಹುದು. ಮನೆಯಿಂದ ಹೊರಬಿದ್ದು, ಭಿಕ್ಷೆ ಬೇಡಿ, ಸಾವಿನ ಬಾಗಿಲು ತಟ್ಟಿ ಬಂದ ಅವರ ಕೈಹಿಡಿದದ್ದು ಜೋಗತಿ ನೃತ್ಯ. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆಯುವಾಗ ಸೆರಗಿನಿಂದ ರಾಷ್ಟ್ರಪತಿಯವರ ದೃಷ್ಟಿ ತೆಗೆದರು.

8. ಅನ್ಯಾಯ ಕಂಡಾಗ ಸುಮ್ಮನಿರಬೇಡಿ

ಬಸ್ಸಿನಲ್ಲಿ ಯಾರನ್ನಾದರೂ ಕೆಣಕುತ್ತಿದ್ದರೆ ಕೆಣಕುವವರ ಜೊತೆ ಜಗಳಕ್ಕಿಳಿಯುವ ಮೊದಲು ಕೆಣಕಿಸಿಕೊಂಡವರ ಪಕ್ಕ ಹೋಗಿ ಕೂತು ಮಾತಾಡಿಸಿ, 'ಸಹಾಯ ಬೇಕಾ?' ಎಂದು ಕೇಳಿ. ಒಪ್ಪಿಗೆಯಿಲ್ಲದೆ ವಿಡಿಯೊ ಮಾಡಬೇಡಿ. ಸಾರ್ವಜನಿಕ ಜಾಗಕ್ಕೆ ಬಿಡದಿರುವುದು, ಮನೆಯಿಂದ, ಊರಿನಿಂದ ಹೊರದಬ್ಬುವುದು, ದೈಹಿಕ ಅಥವಾ ಲೈಂಗಿಕ ಹಿಂಸೆ, ಜೀತದ ದುಡಿಮೆ ಇವೆಲ್ಲ ಅಪರಾಧವೆಂದು 2019ರ ಕಾಯ್ದೆ ಹೇಳಿತು. 6 ತಿಂಗಳಿಂದ 2 ವರ್ಷದವರೆಗೆ ಜೈಲು ಎಂದಿತು. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಬರಹದಲ್ಲಿ ಕೊಟ್ಟು ಸ್ವೀಕೃತಿ ಕೇಳಿ, ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಪ್ರತಿ ಕಳಿಸಿ.

ಕೈಗೆಟುಕುವಲ್ಲಿರಲಿ

• ತುರ್ತು ಅಪಾಯ: 112.
• ಮನಸ್ಸು ಕುಸಿದಾಗ, ಆತ್ಮಹತ್ಯೆಯ ಯೋಚನೆ ಬಂದಾಗ: ಟೆಲಿ ಮಾನಸ್ 14416. ಕನ್ನಡದಲ್ಲೇ ಮಾತಾಡಬಹುದು, ಪೋಷಕರೂ ಕರೆ ಮಾಡಬಹುದು.
• 18 ವರ್ಷದೊಳಗಿನವರಿಗೆ: ಮಕ್ಕಳ ಸಹಾಯವಾಣಿ 1098.
• ಕಾನೂನು ನೆರವು: 15100, ಅಥವಾ ನಿಮ್ಮ ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರ.
• ಸಮುದಾಯದ ಜೊತೆ ಕೆಲಸ ಮಾಡುವ ಸಂಸ್ಥೆಗಳು: ಬೆಂಗಳೂರಿನ ಸಂಗಮ, ಒಂದೆಡೆ, ಜೀವಾ.
• ಓದಲು: ಎ. ರೇವತಿ ಅವರ ಆತ್ಮಕಥೆಯ ಕನ್ನಡ ರೂಪ 'ಬದುಕು ಬಯಲು'. ಮನೆಯಲ್ಲಿ ಮಾತು ಶುರುಮಾಡಲು ತೋಚದವರು ಈ ಪುಸ್ತಕವನ್ನು ಎಲ್ಲರಿಗೂ ಕಾಣುವ ಹಾಗೆ ಮೇಜಿನ ಮೇಲಿಡಿ. ಹೇಳಲು ಕಾಯುತ್ತಿರುವ ಮಗುವಿಗೆ ಈ ಮನೆಯಲ್ಲಿ ಕೇಳುವವರಿದ್ದಾರೆ ಎಂಬುದು ಗೊತ್ತಾಗುತ್ತದೆ.