ಎತ್ತುವ ಮೊದಲು ಒಂದು ಮಾತು

ಚೇಳೂರು

ಪುಟ್ಟಿ,

ಕಾಲಿನ ಚರ್ಮವೇ ಇಲ್ಲದೆ ಹುಟ್ಟಿದ ಆ ಕೂಸಿನ ವಿಷಯ ಹೇಳುವಾಗ ನಿನ್ನ ಗಂಟಲು ಕಟ್ಟಿತ್ತು. ಫೋನಿನಲ್ಲಿ ಹೇಳಿದ್ದು ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ವಾರ್ಡಿನಲ್ಲಿ ನಿನ್ನ ಜೊತೆ ಕೆಲಸ ಮಾಡುವವರಿಗೂ ತೋರಿಸು.

ಅದು ಎಪಿಡರ್ಮೊಲೈಸಿಸ್ ಬುಲ್ಲೋಸಾ, ಚಿಕ್ಕದಾಗಿ ಇ.ಬಿ. ಇದು ಅಂಟುರೋಗವಲ್ಲ. ಚರ್ಮದ ಪದರಗಳನ್ನು ಹಿಡಿದಿಡುವ ಪ್ರೋಟೀನು ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಸ್ವಲ್ಪ ಉಜ್ಜಿದರೂ ಬೊಬ್ಬೆ. ಹಾಗಾಗಿ ಬೇರೆ ಮಕ್ಕಳಿಗೆ ಆರೈಕೆ ಅನ್ನಿಸುವುದೇ ಈ ಕೂಸಿಗೆ ಗಾಯ.

ಕಂಕುಳಿಗೆ ಕೈಹಾಕಿ ಎತ್ತಬೇಡ, ಮೆತ್ತನೆಯ ಹಾಸಿನ ಸಮೇತ ಎತ್ತು. ಹೊಕ್ಕುಳಬಳ್ಳಿಯ ಪ್ಲಾಸ್ಟಿಕ್ ಕ್ಲಿಪ್ ಹೊಟ್ಟೆಗೆ ಉಜ್ಜುತ್ತದೆ, ಡಾಕ್ಟರಿಗೆ ಹೇಳಿ ದಾರ ಕಟ್ಟಿಸು. ಕೈಗೆ ಹೆಸರಿನ ಪಟ್ಟಿ ಬೇಡ. ಅಂಟುವ ಪ್ಲಾಸ್ಟರ್ ಬೇಡವೇ ಬೇಡ. ದಿನ ತುಂಬಿ ಹುಟ್ಟಿದ್ದರೆ ಇನ್‌ಕ್ಯುಬೇಟರೂ ಬೇಡ, ಶಾಖಕ್ಕೆ ಬೊಬ್ಬೆ ಹೆಚ್ಚುತ್ತದೆ.

ಬೊಬ್ಬೆ ತಾನೇ ಬತ್ತಲಿ ಎಂದು ಕಾಯುವುದು ಇಲ್ಲಿ ನಡೆಯದು. ಒಳಗಿನ ನೀರಿನ ಒತ್ತಡಕ್ಕೆ ಸುತ್ತಲೂ ಹರಡುತ್ತದೆ. ಸ್ಟೆರೈಲ್ ಸೂಜಿಯಿಂದ ತಗ್ಗಿನ ಕಡೆ ಚುಚ್ಚಿ, ಮೆಲ್ಲಗೆ ಒತ್ತಿ ನೀರಿಳಿಸಿ, ಮೇಲಿನ ಸಿಪ್ಪೆಯನ್ನು ಹಾಗೇ ಬಿಡಬೇಕು. ಗಾಯಕ್ಕೆ ಅದೇ ಹೊದಿಕೆ. ಅದರ ಮೇಲೆ ಸಿಲಿಕೋನ್ ಡ್ರೆಸ್ಸಿಂಗ್. ದುಬಾರಿ ಎನ್ನಿಸಿದರೆ ವ್ಯಾಸಲೀನ್ ಗಾಜ್. ಬೆರಳ ಸಂದಿಗೂ ಇಡು, ಕೆಲವು ಬಗೆಯಲ್ಲಿ ಬೆರಳುಗಳೇ ಕೂಡಿಕೊಳ್ಳುತ್ತವೆ. ಒಣಗಿ ಹಿಡಿದ ಡ್ರೆಸ್ಸಿಂಗನ್ನು ಎಳೆಯದೆ ನೆನೆಸಿ ಬಿಡಿಸು. ಅದಕ್ಕೂ ಮೊದಲು ನೋವಿನ ಔಷಧಿ ಕೇಳಿ ಕೊಡಿಸು. ಹಸುಗೂಸಿಗೆ ನೋವು ಗೊತ್ತಾಗುವುದಿಲ್ಲ ಎನ್ನುವವರ ಮಾತು ಕೇಳಬೇಡ.

ಬಾಳೆಎಲೆ ಗಾಯಕ್ಕೆ ಅಂಟುವುದಿಲ್ಲ ಎಂಬುದು ನಿಜ, ಸುಟ್ಟಗಾಯಕ್ಕೆ ಮುಂಬೈನ ವೈದ್ಯರು ಬಳಸಿಯೂ ಇದ್ದಾರೆ. ಹಾಗೆಂದು ತೋಟದಿಂದ ಕೊಯ್ದು ತಂದ ಎಲೆಯನ್ನು ಮನೆಯವರು ಹಾಸಲು ಬಿಡಬೇಡ, ನಂಜಾದೀತು.

2023ರಲ್ಲಿ ಅಮೆರಿಕದಲ್ಲಿ ಇ.ಬಿ.ಯ ಒಂದು ಬಗೆಗೆ, ಗಾಯದ ಮೇಲೆ ಹಚ್ಚುವ ಜೀನ್ ಜೆಲ್‌ಗೆ ಒಪ್ಪಿಗೆ ಸಿಕ್ಕಿತು. ಆಗ ಅದು ಆರು ತಿಂಗಳು ತುಂಬಿದವರಿಗೆ ಮಾತ್ರ ಇತ್ತು.

ಬಾಣಂತಿಯನ್ನು ಮರೆಯಬೇಡ ಮಗಳೇ. ಗ್ರಹಣದಲ್ಲಿ ಹೊರಗೆ ಬಂದಳು ಎಂದು ದೂರುವವರು ಇದ್ದೇ ಇರುತ್ತಾರೆ. ಅವರೆದುರೇ ಹೇಳು, ಅವಳು ಮಾಡಿದ್ದರಿಂದ ಆದದ್ದಲ್ಲ. ಸೋದರಮಾವನನ್ನು ಮದುವೆಯಾಗಿದ್ದರೂ ಬೈಯದೆ ತಿಳಿಸು: ಅಪ್ಪ ಅಮ್ಮ ಇಬ್ಬರಿಂದಲೂ ಬಂದ ಬಗೆಯಾದರೆ ಮುಂದಿನ ಪ್ರತಿ ಬಸಿರಿಗೂ 4ರಲ್ಲಿ 1ರಷ್ಟು ಸಾಧ್ಯತೆ. ಪರೀಕ್ಷೆಗೆ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ. ಕೂಸನ್ನು ಬೇರೆ ಆಸ್ಪತ್ರೆಗೆ ಕಳಿಸುವಾಗ ಚೀಟಿಯ ಮೇಲೆ 'ಪ್ಲಾಸ್ಟರ್ ಹಾಕಬೇಡಿ' ಎಂದು ದೊಡ್ಡದಾಗಿ ಬರೆ, ಆಂಬುಲೆನ್ಸಿನವರಿಗೆ ಗೊತ್ತಿರುವುದಿಲ್ಲ.

ನಿನ್ನ ದೊಡ್ಡಮ್ಮ